ಚೀಸ್ ಎಂಚಿಲಾಡದ ಮೇಲಿನ ಕೆಂಪು ಸಾರು: ಟೆಕ್ಸಸ್‌ನಲ್ಲಿ ಯಾವ ಮೆಕ್ಸಿಕನ್ ಹೋಟೆಲ್‌ಗೆ ಹೋಗೋದು?

ಅಪ್ಪಾಜಿ ದಾವಣಗೆರೆಯಿಂದ ಬಂದು ಎರಡು ವಾರ ಆಗಿತ್ತು. "ಇಲ್ಲಿಯವರು ಏನು ತಿಂತಾರೋ ಅದನ್ನ ಒಂದ್ಸಲ ತಿನ್ಸಮ್ಮ" ಅಂದರು. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ನಮ್ಮ ಮನೆಗೆ ಐದು ನಿಮಿಷದ ದಾರಿಯಲ್ಲಿ ಒಂದು ಟೆಕ್ಸ್‌ಮೆಕ್ಸ್, ಅಂದರೆ ಟೆಕ್ಸಸ್ ಶೈಲಿಯ ಮೆಕ್ಸಿಕನ್ ಹೋಟೆಲ್ ಇತ್ತು. ಕರೆದುಕೊಂಡು ಹೋದೆ. ಕೂತ ತಕ್ಷಣ ಬುಟ್ಟಿ ತುಂಬ ಬಿಸಿ ಚಿಪ್ಸ್, ಎರಡು ಬಟ್ಟಲು ಸಾಲ್ಸಾ ಅನ್ನುವ ಖಾರದ ಚಟ್ನಿ ಬಂತು. ದುಡ್ಡು ಕೊಡಬೇಕಿಲ್ಲ, ಖಾಲಿಯಾದರೆ ಮತ್ತೆ ತುಂಬಿಸುತ್ತಾರೆ ಅಂದಾಗ ಅಪ್ಪಾಜಿ ಮುಖ ಅರಳಿತು. ಮೆನುವಿನಲ್ಲಿ ಮಾಂಸದ ಹೆಸರಿಲ್ಲದ್ದನ್ನು ಹುಡುಕಿ ಅವರಿಗೆ ಚೀಸ್ ಎಂಚಿಲಾಡ, ಅಂದರೆ ಚೀಸ್ ಇಟ್ಟು ಸುತ್ತಿದ ತೆಳು ರೊಟ್ಟಿ, ಹೇಳಿದೆ. ಬಂತು. ಕರಗಿದ ಹಳದಿ ಚೀಸ್, ಅದರ ಮೇಲೆ ಕೆಂಪಗೆ ದಪ್ಪನೆಯ ಸಾರು, ಜೀರಿಗೆಯ ಘಮ. ಅಪ್ಪಾಜಿ ಚಮಚದಲ್ಲಿ ಆ ಸಾರನ್ನೇ ಬಳಿದು ಬಳಿದು ತಿಂದರು. "ಸಾರು ಮಾತ್ರ ಚೆನ್ನಾಗಿದೆ ಕಣಮ್ಮ, ನಮ್ಮ ಕಡೇದೇ ಅನ್ನಿಸ್ತದೆ."

ತಟ್ಟೆ ಮುಕ್ಕಾಲು ಖಾಲಿಯಾದ ಮೇಲೆ ನನ್ನ ಕಣ್ಣಿಗೆ ಬಿತ್ತು. ಸಾರಿನಲ್ಲಿ ರವೆಯಂಥ ಕಂದು ಕಾಳುಗಳು. ಬಡಿಸುವ ಹುಡುಗನನ್ನು ಆ ಕಡೆ ಕರೆದು ಕೇಳಿದೆ. ಚಿಲಿ ಗ್ರೇವಿ ಅಲ್ವಾ, ಬೀಫ್ ಇದ್ದೇ ಇರುತ್ತೆ ಅಂದ. ಅವನದೇನೂ ತಪ್ಪಿಲ್ಲ. ಇಲ್ಲಿ ಅದು ಎಲ್ಲರಿಗೂ ಗೊತ್ತಿರೋ ಸಂಗತಿ, ಯಾರೂ ಬರೆದು ಹಾಕುವುದಿಲ್ಲ. ಅಪ್ಪಾಜಿಗೆ ಇವತ್ತಿನವರೆಗೂ ಹೇಳಿಲ್ಲ. ಅವರು ಫೋನಿನಲ್ಲಿ ಇಷ್ಟುದ್ದದ್ದು ಓದುವುದಿಲ್ಲ ಅನ್ನೋ ಧೈರ್ಯದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಆಮೇಲಿನ ಆರೇಳು ವರ್ಷದಲ್ಲಿ ಆಸ್ಟಿನ್ ಸುತ್ತಮುತ್ತ ಇಂಥ ಹೋಟೆಲ್‌ಗಳನ್ನು ಸುಮಾರು ಸುತ್ತಿದ್ದೇನೆ. ನಾನು ಶುದ್ಧ ಸಸ್ಯಾಹಾರಿ, ಮೊಟ್ಟೆ ಕೇಕಿನಲ್ಲಿದ್ದರೆ ಮಾತ್ರ ಸೈ. ನಮ್ಮ ಮನೆಯವರು ಕರಾವಳಿಯವರು, ಮೀನು ಕೋಳಿ ತಿನ್ನುತ್ತಾರೆ, ಬೀಫ್ ಮುಟ್ಟುವುದಿಲ್ಲ. ಮಗನಿಗೆ ಚೀಸ್ ಇದ್ದರೆ ಸಾಕು. ಇಷ್ಟು ತಿರುಗಿದ ಮೇಲೆ ನನಗೆ ಗೊತ್ತಾದದ್ದು ಇಷ್ಟೇ: ನಮ್ಮವರಿಗೆ ಭಯ ಹುಟ್ಟಿಸುವ ಜಾಗ ಒಂದು, ಭಯಪಡಬೇಕಾದ ಜಾಗ ಇನ್ನೊಂದು.

ಕೂತು ತಿನ್ನುವ ಟೆಕ್ಸ್‌ಮೆಕ್ಸ್

ಇದು ಮೆಕ್ಸಿಕೋದ ಅಡುಗೆ ಕೆಟ್ಟು ಹುಟ್ಟಿದ್ದಲ್ಲ, ಟೆಕ್ಸಸ್‌ನದೇ ಸ್ವಂತ ಅಡುಗೆ. ಟೆಕ್ಸಸ್ ಒಂದು ಕಾಲಕ್ಕೆ ಮೆಕ್ಸಿಕೋದ ಭಾಗವೇ ಆಗಿತ್ತು. ಇಲ್ಲಿನ ಮೆಕ್ಸಿಕನ್ ಮನೆಗಳ ಅಡುಗೆಗೆ ಟೆಕ್ಸಸ್‌ನ ದನದ ಮಾಂಸ, ಮೈದಾ, ಹಳದಿ ಚೀಸ್, ಕೈ ತುಂಬ ಜೀರಿಗೆ ಸೇರಿಕೊಂಡವು. ಹೆಸರು ಬಂದದ್ದು ರೈಲಿನಿಂದ. 1875ರಲ್ಲಿ ಶುರುವಾದ ಟೆಕ್ಸಸ್ ಮೆಕ್ಸಿಕನ್ ರೈಲ್ವೆಯನ್ನು ಚಿಕ್ಕದಾಗಿ ಟೆಕ್ಸ್‌ಮೆಕ್ಸ್ ಅನ್ನುತ್ತಿದ್ದರು. ಅದೇ ಹೆಸರು ಆಮೇಲೆ ಊಟಕ್ಕೂ ಅಂಟಿಕೊಂಡಿತು. 1890ರ ದಶಕದಲ್ಲಿ ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಒಣಮೆಣಸಿನಕಾಯಿಯನ್ನು ಪುಡಿ ಮಾಡಿ ಮಾರುವುದಕ್ಕೆ ಶುರು ಮಾಡಿದ. ವರ್ಷಪೂರ್ತಿ ಮೆಣಸಿನ ಪುಡಿ ಸಿಗುವಂತಾದ ಮೇಲೆ ಆ ಕೆಂಪು ಗ್ರೇವಿ ಮನೆ ಮನೆಗೂ ಬಂತು. ನಮ್ಮ ನಾಲಿಗೆಗೆ ಈ ಊಟ ಬೇಗ ಒಗ್ಗುವುದು ಯಾಕೆ ಅಂದರೆ ಆ ಜೀರಿಗೆ, ಮೆಣಸಿನ ಪುಡಿ. ಮೆಕ್ಸಿಕೋದ ಒಳನಾಡಿನ ಅಡುಗೆಯಲ್ಲಿ ಜೀರಿಗೆ ಇಷ್ಟು ಢಾಳಾಗಿರುವುದಿಲ್ಲ.

ಈ ಹೋಟೆಲ್‌ಗಳ ದೊಡ್ಡ ಗುಣ ಅಂದರೆ ಆರಾಮ. ಸೋಫಾ ಸೀಟು, ಮಕ್ಕಳಿಗೆ ಬಣ್ಣದ ಪೆನ್ಸಿಲ್ಲು, ಹುಟ್ಟುಹಬ್ಬಕ್ಕೆ ತಲೆ ಮೇಲೆ ದೊಡ್ಡ ಟೋಪಿ ಇಟ್ಟು ಹಾಡು. ಹತ್ತು ಜನ ಹೋದರೂ ಟೇಬಲ್ ಜೋಡಿಸಿಕೊಡುತ್ತಾರೆ. ಕಾಂಬೋ ಪ್ಲೇಟ್ ಅನ್ನುವುದು ನಮ್ಮ ಪ್ಲೇಟ್ ಮೀಲ್ಸ್ ಇದ್ದ ಹಾಗೆ: ಎಂಚಿಲಾಡ, ರೊಟ್ಟಿ ಮಡಿಚಿ ಒಳಗೆ ಮಾಂಸವೋ ತರಕಾರಿಯೋ ಇಟ್ಟ ಟಾಕೊ, ಪಕ್ಕದಲ್ಲಿ ಕೆಂಪು ಅನ್ನ, ಅರೆದ ಬೀನ್ಸ್. ಕುಡಿಯುವವರಿಗೆ ಫ್ರೋಜನ್ ಮಾರ್ಗರೀಟಾ ಅನ್ನುವ ಕಾಕ್‌ಟೇಲ್. ಅದರ ಮೊದಲ ಮಷೀನ್ ಮಾಡಿದ್ದು ಡಲ್ಲಾಸ್‌ನ ಮರಿಯಾನೊ ಮಾರ್ಟಿನೆಜ್, 1971ರಲ್ಲಿ, ಸಾಫ್ಟಿ ಐಸ್‌ಕ್ರೀಮ್ ಮಷೀನನ್ನೇ ಮಾರ್ಪಡಿಸಿ. ಅದು ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ. ಮ್ಯೂಸಿಯಂ ಸೇರುವಷ್ಟು ರುಚಿಯೇನಲ್ಲ ಅಂತ ನಮ್ಮ ಮನೆಯವರ ಅಭಿಪ್ರಾಯ.

ಈಗ ಭಯದ ವಿಷಯ. ಈ ಹೋಟೆಲ್‌ಗಳಲ್ಲಿ ಮಾಂಸ ಕಾಣುವುದಿಲ್ಲ, ಕರಗಿರುತ್ತದೆ. ಗ್ರೇವಿಗೆ ಮೈದಾವನ್ನು ಕೊಬ್ಬಿನಲ್ಲಿ ಹುರಿದು, ಮೆಣಸಿನ ಪುಡಿ, ಜೀರಿಗೆ, ಬೆಳ್ಳುಳ್ಳಿ ಹಾಕಿ, ಮೇಲೆ ಮಾಂಸ ಬೇಯಿಸಿದ ನೀರು ಸುರಿಯುವುದು ಹಳೆಯ ಪದ್ಧತಿ. ಕೆಲವರು ಖೈಮಾನೂ ಹಾಕುತ್ತಾರೆ. ಕೆಂಪು ಅನ್ನಕ್ಕೆ ಬಹಳ ಕಡೆ ಟೊಮೇಟೊ ಜೊತೆ ಕೋಳಿ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ನೀರಿನ ರುಚಿಯ ಪುಡಿ ಬೀಳುತ್ತದೆ. ಅರೆದ ಬೀನ್ಸ್‌ಗೆ ಒಗ್ಗರಣೆಯ ಜಾಗದಲ್ಲಿ ಹಂದಿಯ ಕೊಬ್ಬು ಇರಬಹುದು. ಇಡಿ ಬೀನ್ಸ್‌ನ ಸಾರು ಕೇಳಿದರೆ, ಅದನ್ನು ಚಾರೊ ಬೀನ್ಸ್ ಅನ್ನುತ್ತಾರೆ, ಸಾಮಾನ್ಯವಾಗಿ ಬೇಕನ್ ಅನ್ನುವ ಹಂದಿ ಮಾಂಸ ಇರುತ್ತದೆ. ಟೋರ್ಟಿಯಾ ಅಂದರೆ ಇಲ್ಲಿನ ತೆಳು ರೊಟ್ಟಿ. ಮೈದಾ ಟೋರ್ಟಿಯಾಕ್ಕೂ ಹಿಂದೆಲ್ಲ ಹಂದಿ ಕೊಬ್ಬೇ ಹಾಕಿ ನಾದುತ್ತಿದ್ದರು. ಈಗ ಸುಮಾರು ಕಡೆ ವನಸ್ಪತಿ ಬಂದಿದೆ, ಆದರೆ ಎಲ್ಲಾ ಕಡೆ ಅಲ್ಲ. ಟೋರ್ಟಿಯಾ ಸೂಪ್ ಅಂತ ಇರುತ್ತದೆ, ಹೆಸರು ನೋಡಿ ಮೋಸ ಹೋಗಬೇಡಿ, ಅದು ಕೋಳಿ ಸಾರು. ಲೆಕ್ಕ ಹಾಕಿದರೆ "ಚೀಸ್ ಎಂಚಿಲಾಡ ವಿತ್ ರೈಸ್ ಆಂಡ್ ಬೀನ್ಸ್" ಅನ್ನೋ ಸಾಧು ತಟ್ಟೆಯಲ್ಲಿ ಮೂರು ಪ್ರಾಣಿ ಕೂತಿರಬಹುದು.

ಹಾಗಂತ ಬಿಡಬೇಕಿಲ್ಲ. ಚಿಪ್ಸ್, ಸಾಲ್ಸಾ, ಬೆಣ್ಣೆಹಣ್ಣು ಅರೆದ ಗ್ವಾಕಮೋಲೆ, ಕೇಸೊ ಅನ್ನುವ ಬಿಸಿ ಚೀಸ್ ಡಿಪ್, ಇವುಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಆಸ್ಟಿನ್‌ನಲ್ಲಿ ಒಂದು ಎಚ್ಚರಿಕೆ: 1952ರಿಂದ ನಡೆಯುತ್ತಿರುವ ಮ್ಯಾಟ್ಸ್ ಎಲ್ ರಾಂಚೊದಲ್ಲಿ ಬಾಬ್ ಆರ್ಮ್‌ಸ್ಟ್ರಾಂಗ್ ಡಿಪ್ ಅಂತ ಹೆಸರುವಾಸಿ ಕೇಸೊ ಇದೆ. ಒಬ್ಬ ರಾಜಕಾರಣಿಯ ಹೆಸರಿಟ್ಟದ್ದು. ಅದರ ತಳದಲ್ಲಿ ಗ್ವಾಕಮೋಲೆ ಜೊತೆ ಖೈಮಾ ಇರುತ್ತದೆ. ಈಗ ಊರ ತುಂಬ ಬೇರೆ ಹೋಟೆಲ್‌ಗಳೂ ಅದನ್ನು ಅನುಕರಿಸುತ್ತವೆ. ಹಾಗಾಗಿ ಕೇಸೊ ಹೇಳುವಾಗ "ಬರೀ ಚೀಸ್" ಅಂತ ಸೇರಿಸಿ. ಎಂಚಿಲಾಡ ಬೇಕೇ ಬೇಕಾದರೆ ಕೆಂಪು ಗ್ರೇವಿ ಬಿಟ್ಟು ಹಸಿರು ಸಾಸ್ ಕೇಳಿ, ಅದಕ್ಕೂ ಕೋಳಿ ಸ್ಟಾಕ್ ಹಾಕಿದ್ದಾರಾ ಅಂತ ವಿಚಾರಿಸಿ. ತರಕಾರಿ ಫಹೀಟಾ ಚುಂಯ್ ಅಂತ ಹೊಗೆಯಾಡುತ್ತ ಬರುತ್ತದೆ, ನೋಡುವುದಕ್ಕೆ ಚಂದ, ತಿಂದರೆ ಬರೀ ಈರುಳ್ಳಿ ದೊಣ್ಣೆಮೆಣಸು. ಅದಕ್ಕೆ ಹದಿನೆಂಟು ಡಾಲರ್ ಕೊಡುವುದು ನನಗಂತೂ ಹೊಟ್ಟೆ ಉರಿ.

ಕೋಳಿ ತಿನ್ನುವವರಿಗೆ ಮಾತ್ರ ಇಲ್ಲಿ ಹಬ್ಬ. ಫಹೀಟಾ ಅಂದರೆ ಮೂಲದಲ್ಲಿ ದನದ ಹೊಟ್ಟೆಯ ಕಡೆಯ ಪಟ್ಟಿಯಂಥ ಮಾಂಸ. ಸ್ಪ್ಯಾನಿಷ್‌ನಲ್ಲಿ ಫಹಾ ಅಂದರೆ ನಡುಪಟ್ಟಿ. ರಿಯೊ ಗ್ರಾಂಡೆ ಕಣಿವೆಯ ದನಗಾಹಿಗಳಿಗೆ ಕೂಲಿಯ ಜೊತೆ ಸಿಗುತ್ತಿದ್ದ ಅಗ್ಗದ ತುಂಡು ಅದು. 1973ರಲ್ಲಿ ಹ್ಯೂಸ್ಟನ್‌ನ ನ್ಯಾವಿಗೇಶನ್ ರಸ್ತೆಯಲ್ಲಿ ನಿನ್ಫಾ ಲೊರೆಂಜೊ ತಮ್ಮ ಚಿಕ್ಕ ಹೋಟೆಲಿನಲ್ಲಿ ಇದನ್ನು ಕೆಂಡದಲ್ಲಿ ಸುಟ್ಟು ಟೋರ್ಟಿಯಾದಲ್ಲಿಟ್ಟು ಕೊಟ್ಟ ಮೇಲೆ ಇದರ ಹೆಸರು ದೂರ ದೂರ ಹಬ್ಬಿತು. ಕೋಳಿ ಫಹೀಟಾ ಆಮೇಲೆ ಬಂದದ್ದು. ಬೀಫ್ ಬೇಡದಿದ್ದರೆ ಸುಮ್ನೆ ಫಹೀಟಾ ಅನ್ನಬೇಡಿ, ಚಿಕನ್ ಫಹೀಟಾ ಅಂತ ಬಿಡಿಸಿ ಹೇಳಿ.

ಟಾಕೆರಿಯಾ ಮತ್ತು ಟ್ರಕ್

ಟಾಕೆರಿಯಾ ಅಂದರೆ ಟಾಕೊ ಅಂಗಡಿ, ಟ್ರಕ್ ಅಂದರೆ ಅದನ್ನೇ ಮಾಡಿ ಮಾರುವ ಗಾಡಿ. ಇಲ್ಲಿ ಬೋರ್ಡು ನೋಡಿಯೇ ನಮ್ಮವರು ಹಿಂದೆ ಸರಿಯುತ್ತಾರೆ. ಲೆಂಗ್ವಾ ಅಂದರೆ ನಾಲಿಗೆ. ಕಬೇಸಾ ಅಂದರೆ ತಲೆ. ತ್ರಿಪಾಸ್ ಅಂದರೆ ಕರುಳು. ಅಲ್ ಪಸ್ತೋರ್ ಅಂತ ನಿಂತ ಕಂಬಿಗೆ ಪೋಣಿಸಿ ಸುಡುತ್ತಿರುವುದು ಹಂದಿ. ಲೆಬನಾನ್‌ನಿಂದ ಮೆಕ್ಸಿಕೋಗೆ ಹೋದವರು ತಮ್ಮ ಶವರ್ಮದ ಕಂಬಿ ಒಯ್ದರು, ಅಲ್ಲಿ ಅದಕ್ಕೆ ಹಂದಿ ಏರಿತು, ಅನಾನಸ್ ಸೇರಿತು. ಕಾರ್ನಿತಾಸ್ ಕೂಡ ಹಂದಿ. ಬಿರಿಯಾ ಮೂಲದಲ್ಲಿ ಆಡಿನದು, ಆದರೆ ಇಲ್ಲಿನ ಟ್ರಕ್‌ಗಳಲ್ಲಿ ಹೆಚ್ಚಾಗಿ ಬೀಫ್. ಮಟನ್ ಪ್ರಿಯರು "ಚಿವೊ?" ಅಂತ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಇದೂ ಬಿರಿಯಾನಿಯೂ ಒಂದೇ ಅಂದುಕೊಂಡು ಹೇಳಿದವರನ್ನು ನಾನು ನೋಡಿದ್ದೇನೆ.

ಆದರೆ ಗಮನಿಸಿ, ಇಲ್ಲಿ ಎಲ್ಲವೂ ಬಿಚ್ಚಿಟ್ಟಿದೆ. ನಾಲಿಗೆ ಅಂದರೆ ನಾಲಿಗೆ, ಬೀನ್ಸ್ ಅಂದರೆ ಬೀನ್ಸ್. ಮೇಲೆ ಗ್ರೇವಿ ಸುರಿದು ಮುಚ್ಚುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಜೋಳದ ಟೋರ್ಟಿಯಾ. ಅದರಲ್ಲಿರುವುದು ಮೆಕ್ಕೆಜೋಳ, ಸುಣ್ಣ, ನೀರು. ಅಷ್ಟೇ.

ಹೌದು, ನಾವು ಎಲೆ ಅಡಿಕೆಗೆ ಹಚ್ಚುವ ಸುಣ್ಣವೇ. ಒಣ ಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ರಾತ್ರಿ ಹಾಗೇ ಬಿಡುತ್ತಾರೆ. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಜಾರಿ ಬರುತ್ತದೆ. ತೊಳೆದು ರುಬ್ಬಿದರೆ ಮಾಸಾ ಅನ್ನುವ ಹಿಟ್ಟು. ಸುಣ್ಣ ಹಾಕದೆ ರುಬ್ಬಿದರೆ ಹಿಟ್ಟು ಕೂಡಿಕೊಳ್ಳುವುದಿಲ್ಲ, ಹೋಳಾಗುತ್ತದೆ. ಜೋಳದಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತುವುದೂ ಸುಣ್ಣದಿಂದಲೇ. ಯುರೋಪಿನವರು ಜೋಳ ಒಯ್ದರು, ಸುಣ್ಣದ ಗುಟ್ಟು ಒಯ್ಯಲಿಲ್ಲ. ಬರೀ ಜೋಳವನ್ನೇ ನಂಬಿದ ಬಡವರಿಗೆ ಪೆಲಾಗ್ರ ಕಾಯಿಲೆ ಬಂತು. ಎಲ್ಲಾ ಟ್ರಕ್‌ಗಳೂ ಹೀಗೆ ಜೋಳ ಕುದಿಸುತ್ತವೆ ಅಂತಲ್ಲ. ಬಹಳ ಕಡೆ ಸಿದ್ಧ ಹಿಟ್ಟು, ಇಲ್ಲವೇ ಪ್ಯಾಕೆಟ್ ಟೋರ್ಟಿಯಾ. ಕೈಯಲ್ಲಿ ಮಾಡಿದ್ದು ಬೇಕಾದರೆ ಬೋರ್ಡಿನಲ್ಲಿ "ಎಚಾಸ್ ಆ ಮಾನೊ" ಅಂತ ಇದೆಯಾ ನೋಡಿ.

ಒಂದು ಭಾನುವಾರ ಅಪ್ಪಾಜಿಯನ್ನು ಆಸ್ಟಿನ್‌ನ ನಾರ್ತ್ ಲಮಾರ್ ರಸ್ತೆ ಕಡೆಯ ಒಂದು ಟಾಕೆರಿಯಾಗೆ ಕರೆದುಕೊಂಡು ಹೋಗಿದ್ದೆ. ಕಾವಲಿಯ ಮುಂದೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ನಿಂಬೆಹಣ್ಣಿನ ಗಾತ್ರದ ಉಂಡೆ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಕಬ್ಬಿಣದ ಪ್ರೆಸ್‌ನಲ್ಲಿ ಒಂದೇ ಒತ್ತು, ಅಂಗೈಗೆ ಬಿಡಿಸಿಕೊಂಡು ಕಾವಲಿಗೆ. ಎರಡನೇ ಸಲ ಮಗುಚಿ ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿದಾಗ ಅದು ಪುಸ್ಸನೆ ಉಬ್ಬಿತು. ರೊಟ್ಟಿ ತಟ್ಟುವವರ ಮನೆಯಲ್ಲಿ ಬೆಳೆದ ಅಪ್ಪಾಜಿ ಕಣ್ಣು ಕೀಳದೆ ನೋಡಿದರು. ಮೆಕ್ಕೆಜೋಳದ್ದು ಅಂದಾಗ ನಂಬಲಿಲ್ಲ. ದಾವಣಗೆರೆ ಸುತ್ತ ಹೊಲದ ತುಂಬ ಮೆಕ್ಕೆಜೋಳವೇ. "ನಾವು ಕ್ವಿಂಟಾಲ್‌ಗಟ್ಟಲೆ ಬೆಳೆದು ಕೋಳಿ ಫೀಡಿಗೆ ಕೊಡ್ತೀವಿ. ಇವರು ಅದರಲ್ಲಿ ರೊಟ್ಟಿ ಮಾಡ್ತಾರಾ!"

ಸಸ್ಯಾಹಾರಿಗಳಿಗೆ ಇಲ್ಲಿ ಆಯ್ಕೆ ಕಮ್ಮಿ, ಆದರೆ ಇರುವುದು ರುಚಿ. ರಾಹಾಸ್ ಅಂದರೆ ಸುಟ್ಟು ಸಿಪ್ಪೆ ತೆಗೆದು ಉದ್ದಕ್ಕೆ ಹೆಚ್ಚಿದ ಪೊಬ್ಲಾನೊ ಮೆಣಸಿನಕಾಯಿ, ಕೆನೆ ಅಥವಾ ಚೀಸ್ ಜೊತೆ. ಸೀಸನ್ನಿನಲ್ಲಿ ಕೆಲವು ಕಡೆ ಕುಂಬಳದ ಹೂವಿನ ಕೆಸಡಿಯಾ, ಅಂದರೆ ಚೀಸ್ ಇಟ್ಟು ಮಡಿಚಿ ಬಿಸಿ ಮಾಡಿದ ಟೋರ್ಟಿಯಾ. ಬೆಳಿಗ್ಗೆ ಹೋದರೆ ಆಲೂಗಡ್ಡೆ ಪಲ್ಯದಂಥ ಪಾಪಾಸ್ ಟಾಕೊ, ಮೊಟ್ಟೆ ಬೇಡ ಅಂದರೆ ಬಿಡುತ್ತಾರೆ. ಚಿಲೆ ರೆಯೆನೊ ನೋಡಿದರೆ ದಾವಣಗೆರೆ ಮೆಣಸಿನಕಾಯಿ ಮಂಡಕ್ಕಿ ನೆನಪಾಗುತ್ತದೆ, ಒಳಗೆ ಚೀಸ್ ತುಂಬಿದ ದೊಡ್ಡ ಮೆಣಸಿನಕಾಯಿ ಬಜ್ಜಿ. ಆದರೆ ಹೊರಗಿನ ಪದರ ಕಡಲೆಹಿಟ್ಟಲ್ಲ, ನೊರೆ ಬರುವವರೆಗೆ ಕಡೆದ ಮೊಟ್ಟೆ. ತಮಾಲೆ ಕಂಡು ಕೊಟ್ಟೆ ಕಡುಬು ಅಂತ ಹಿಗ್ಗಬೇಡಿ. ಹಿಟ್ಟಿಗೆ ಹಂದಿ ಕೊಬ್ಬು ಹಾಕಿಯೇ ಕಲಸುವುದು ರೂಢಿ, ಒಳಗೆ ಬೀನ್ಸ್ ಇದ್ದರೂ ಅಷ್ಟೇ.

ಸಾಲ್ಸಾ ಬಗ್ಗೆ ಒಂದು ಮಾತು. ಆಸ್ಟಿನ್ ಟಾಕೆರಿಯಾಗಳಲ್ಲಿ ತಿಳಿ ಹಸಿರು, ಬೆಣ್ಣೆಯಂಥ ಒಂದು ಸಾಸ್ ಇಟ್ಟಿರುತ್ತಾರೆ. ನೋಡಿದರೆ ಬೆಣ್ಣೆಹಣ್ಣು ಅಥವಾ ಕೊತ್ತಂಬರಿ ಚಟ್ನಿ ಅನ್ನಿಸುತ್ತದೆ. ಬಹಳ ಕಡೆ ಅದು ಹಾಲಪೀನ್ಯೊ ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಎಣ್ಣೆ ಹಾಕಿ ನುಣ್ಣಗೆ ರುಬ್ಬಿದ್ದು, ಬೆಣ್ಣೆಹಣ್ಣಿನ ಸುಳಿವೂ ಇರುವುದಿಲ್ಲ. ಮೊದಲು ಒಂದು ಹನಿ ನೆಕ್ಕಿ ನೋಡಿ. ಕೇಸರಿ ಬಣ್ಣದ್ದಿದ್ದರೆ ಹಬನೇರೊ ಮೆಣಸಿನಕಾಯಿ ಇರಬಹುದು, ಇನ್ನೂ ಹುಷಾರು. ಗಾಢ ಕೆಂಪಿನದು ಒಣ ಗ್ವಾಹೀಯೊ ಮೆಣಸಿನದಾದರೆ ಧೈರ್ಯವಾಗಿ ಹಾಕಿಕೊಳ್ಳಿ, ನಮ್ಮ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಕುಡಿಯುವುದಕ್ಕೆ ಹಮೈಕಾ ಕೇಳಿ: ನಮ್ಮ ಪುಂಡಿ ಸೊಪ್ಪಿನ ಬಳಗದ ಹೂವಿನ ಹುಳಿಸಿಹಿ ಪಾನಕ. ಒರ್ಚಾತಾ ಅಂದರೆ ಅಕ್ಕಿ, ಚಕ್ಕೆ ಹಾಕಿದ ಪಾನಕ.

ಕೊರತೆಗಳೂ ಇವೆ. ಮಾಂಸ ಬೇಯಿಸಿದ ಅದೇ ಕಾವಲಿಯಲ್ಲಿ ನಿಮ್ಮ ಟಾಕೊ ಬಿಸಿಯಾಗುತ್ತದೆ. ಮಡಿ ಮೈಲಿಗೆ ಕಟ್ಟುನಿಟ್ಟಿದ್ದವರಿಗೆ ಇದು ಆಗದ ಮಾತು. ಟ್ರಕ್ ಆದರೆ ಕೂರುವುದಕ್ಕೆ ಒಂದು ಬೆಂಚು, ಟಾಯ್ಲೆಟ್ ಇಲ್ಲ, ಆಗಸ್ಟ್ ತಿಂಗಳಲ್ಲಿ ಬೆವರೇ ಸಾಲ್ಸಾ.

ಸಾಲಿನಲ್ಲಿ ನಿಂತು ತಟ್ಟೆ ತುಂಬಿಸುವ ಚೈನ್‌ಗಳು

ಇವು ನಮ್ಮ ದರ್ಶಿನಿಗಳು. ಜಾಸ್ತಿ ಹೇಳುವುದಕ್ಕೇನಿಲ್ಲ. 1993ರಲ್ಲಿ ಡೆನ್ವರ್‌ನಲ್ಲಿ ಸ್ಟೀವ್ ಎಲ್ಸ್ ಶುರು ಮಾಡಿದ ಚಿಪೋಟ್ಲೆಯಲ್ಲಿ ಅನ್ನ, ಎರಡೂ ಬಗೆಯ ಬೀನ್ಸ್ ಶುದ್ಧ ಸಸ್ಯಾಹಾರ. ಪಿಂಟೊ ಬೀನ್ಸ್‌ಗೆ ಹಿಂದೆ ಬೇಕನ್ ಹಾಕುತ್ತಿದ್ದರು, ಬಿಟ್ಟು ವರ್ಷಗಳೇ ಆದವು. ಟ್ಯಾಕೊ ಬೆಲ್‌ನ ಅರೆದ ಬೀನ್ಸ್‌ನಲ್ಲೂ ಹಂದಿ ಕೊಬ್ಬಿಲ್ಲ. ಚಿಪೋಟ್ಲೆಯಲ್ಲಿ ಎಲ್ಲಾ ಕಣ್ಣೆದುರಿಗೇ ಹಾಕುತ್ತಾರೆ, ಬೆರಳು ತೋರಿಸಿದರೆ ಸಾಕು, ಭಾಷೆ ಬರದ ಅತ್ತೆಯವರೂ ತಾವೇ ಹಾಕಿಸಿಕೊಳ್ಳಬಹುದು. ಕೈಗವಸು ಬದಲಾಯಿಸಿ ಅಂದರೆ ಬೇಜಾರಿಲ್ಲದೆ ಬದಲಾಯಿಸುತ್ತಾರೆ. ರುಚಿ? ಪ್ರತಿ ಸಲವೂ ಒಂದೇ. ಅದು ಹೊಗಳಿಕೆಯೋ ತೆಗಳಿಕೆಯೋ ನೀವೇ ನೋಡಿ.

ಇನ್ನೊಂದು ಬಗೆ ಇದೆ, ಆಸ್ಟಿನ್‌ನಲ್ಲಿ ಅದನ್ನು ಇಂಟೀರಿಯರ್ ಮೆಕ್ಸಿಕನ್ ಅನ್ನುತ್ತಾರೆ. 1975ರಿಂದ ಇರುವ ಫೊಂಡಾ ಸಾನ್ ಮಿಗೆಲ್ ಥರದವು. ಮೋಲೆ ಅನ್ನುವ ಹತ್ತಿಪ್ಪತ್ತು ಸಾಮಾನಿನ ಮಸಾಲೆ ಸಾಸ್, ಮೇಣದ ಬತ್ತಿ, ಇಸ್ತ್ರಿ ಮಾಡಿದ ಬಟ್ಟೆ. ಮದುವೆಯ ವಾರ್ಷಿಕೋತ್ಸವಕ್ಕೆ ಸರಿ. ಮೋಲೆಗೆ ಕೋಳಿ ಸ್ಟಾಕ್ ಬೀಳುತ್ತದೆ ಅನ್ನುವುದು ನೆನಪಿರಲಿ. ಮಂಗಳವಾರ ರಾತ್ರಿಯ ಹಸಿವಿಗೆ ಇದಲ್ಲ.

ಯಾರ ಜೊತೆ, ಎಷ್ಟು ದುಡ್ಡು

ನಾನಾದರೆ ಹೀಗೆ ಮಾಡುತ್ತೇನೆ. ಊರಿಂದ ಬಂದ ಹಿರಿಯರು, ಅದರಲ್ಲೂ ಅದೇ ಕಾವಲಿ ಅನ್ನೋದನ್ನೂ ಸಹಿಸದವರಿದ್ದರೆ ಚೈನ್, ಅಲ್ಲೂ ಟೋರ್ಟಿಯಾ ಇಲ್ಲದೆ ಬಟ್ಟಲಿಗೆ ಹಾಕಿಕೊಡುವ ಬೌಲ್ ಮಾತ್ರ. ಅಷ್ಟು ಕಟ್ಟುನಿಟ್ಟಿಲ್ಲದ, ಹೊಸತು ನೋಡುವ ಉತ್ಸಾಹ ಇರುವ ಹಿರಿಯರಾದರೆ ಕೂರುವ ಜಾಗ ಇರುವ ಟಾಕೆರಿಯಾ. ಮೂರ್ನಾಲ್ಕು ಸಂಸಾರ, ಮಕ್ಕಳ ಹಿಂಡು, ಅರ್ಧ ಜನ ಕೋಳಿ ತಿನ್ನುವವರು ಅಂದರೆ ಕೂತು ತಿನ್ನುವ ಟೆಕ್ಸ್‌ಮೆಕ್ಸೇ ಸರಿ, ಸಸ್ಯಾಹಾರಿಗಳು ಮೊದಲೇ ಕೇಳಿಕೊಂಡು ಹೇಳಬೇಕು. ಆಫೀಸಿನವರ ಜೊತೆ ಹೋಗುವಾಗ ನಾನು ಮನೆಯಲ್ಲಿ ಒಂದು ಚಪಾತಿ ತಿಂದು ಹೋಗಿ ಚಿಪ್ಸ್ ಗ್ವಾಕಮೋಲೆಯಲ್ಲಿ ಮುಗಿಸುತ್ತೇನೆ. ಹತ್ತು ಜನರ ಮುಂದೆ ವಿಚಾರಣೆ ಬೇಡ.

ದುಡ್ಡು: ನಮ್ಮ ಕಡೆ ಟ್ರಕ್ಕಿನಲ್ಲಿ ಒಂದು ಟಾಕೊ ಮೂರು-ನಾಲ್ಕು ಡಾಲರ್, ಮೂರು ತಿಂದರೆ ಹೊಟ್ಟೆ ತುಂಬುತ್ತದೆ. ಚೈನಿನ ಬೌಲ್ ಹತ್ತು-ಹನ್ನೆರಡು. ಕಾಂಬೋ ಪ್ಲೇಟ್ ಹದಿನೈದರ ಆಸುಪಾಸು, ಅದರ ಮೇಲೆ 8.25% ತೆರಿಗೆ, ಮತ್ತೆ 18ರಿಂದ 20% ಟಿಪ್. ಹಾಗಾಗಿ ಹದಿನೈದು ಅನ್ನುವುದು ಹತ್ತೊಂಬತ್ತು ಅಂತ ಓದಿಕೊಳ್ಳಿ. ಟ್ರಕ್ಕಿಗೆ ಹೋಗುವಾಗ ಸ್ವಲ್ಪ ನಗದು ಇರಲಿ.

ಕೇಳುವುದು ಹೇಗೆ? "ವೆಜಿಟೇರಿಯನ್" ಅಂದರೆ ಸಾಲದು, ಸ್ಟಾಕನ್ನು ಯಾರೂ ಮಾಂಸ ಅಂತ ಲೆಕ್ಕ ಹಿಡಿಯುವುದಿಲ್ಲ. "ಸಿನ್ ಕಾರ್ನೆ" ಅಂದರೂ ಸಾಲದು, ಕಾರ್ನೆ ಅಂದರೆ ಬಹಳ ಜನಕ್ಕೆ ದನದ ಮಾಂಸ ಮಾತ್ರ, ಕೋಳಿ ಬಂದೀತು. ನಾನು ಮೂರೇ ಪ್ರಶ್ನೆ ಕೇಳುವುದು. ಬೀನ್ಸ್ ತೋರಿಸಿ "ತಿಯೆನೆ ಮಾಂತೆಕಾ?" ಅಂದರೆ ಹಂದಿ ಕೊಬ್ಬಿದೆಯಾ. ಅನ್ನಕ್ಕೆ "ಕೋನ್ ಕಾಲ್ದೊ ದೆ ಪೊಯೊ?" ಅಂದರೆ ಕೋಳಿ ಸ್ಟಾಕ್ ಹಾಕಿದೆಯಾ. ಕೆಂಪು ಸಾರಿಗೆ "ತಿಯೆನೆ ಕಾರ್ನೆ?" ನನ್ನ ಉಚ್ಚಾರಣೆಗೆ ನಗುತ್ತಾರೆ, ಆದರೆ ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಕೇಳಿಕೊಂಡು ಬರದೆ ಅಲ್ಲೇ ನಿಂತು "ನೋ ನೋ" ಅಂದರೆ ನಾನು ಆ ತಟ್ಟೆ ಹೇಳುವುದಿಲ್ಲ.

ಆ ಭಾನುವಾರ ಅಪ್ಪಾಜಿಗೆ ನೊಪಾಲೆಸ್ ಟಾಕೊ ಹೇಳಿದ್ದೆ. ಹಸಿರು ಪಟ್ಟಿಗಳು, ಸ್ವಲ್ಪ ಹುಳಿ, ಬೆಂಡೆಕಾಯಿಯ ಲೋಳೆ, ಮೇಲೆ ಈರುಳ್ಳಿ ಕೊತ್ತಂಬರಿ. ತಿಂದು ಮುಗಿಸಿ ಇದೇನು ತರಕಾರಿ ಅಂದರು. ಫೋನಿನಲ್ಲಿ ಚಿತ್ರ ತೋರಿಸಿದೆ. ಪಾಪಾಸುಕಳ್ಳಿ. ಸ್ವಲ್ಪ ಹೊತ್ತು ಫೋನನ್ನೇ ನೋಡಿದರು.

"ಹೊಲದ ಬೇಲಿಗೆ ಹಾಕ್ತಿದ್ವಲ್ಲಮ್ಮ ಇದನ್ನ" ಅಂದರು. ಆಮೇಲೆ, "ಇನ್ನೊಂದು ಹೇಳು."